ಹಳೆಯ ನಕಾಶೆಗಳೂ ಅವುಗಳ ಕಟ್ಟೂ

ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ಉಪಾಹಾರಗೃಹಗಳಲ್ಲಿಯೂ ಕಚೇರಿಗಳ ಹಜಾರಗಳಲ್ಲಿಯೂ ಒಂದು ಬಗೆಯ ಗೋಡೆಯಲಂಕಾರವು ಹೆಚ್ಚಾಗಿ ಕಣ್ಣಿಗೆ ಬೀಳುತ್ತಿದೆ. ಮಾಸಿದಂತಿರುವ ಹಳದಿ ಕಾಗದ, ಅದರ ಮೇಲೆ ಅಂಕುಡೊಂಕಾದ ಕರಾವಳಿಯ ರೇಖೆ, ಕಡಲಿನ ನಡುವೆ ಹಾಯಿಹಡಗು, ಅದರ ಪಕ್ಕದಲ್ಲಿ ತಲೆಯೆತ್ತಿದ ಒಂದು ವಿಚಿತ್ರ ಮತ್ಸ್ಯ, ಮೂಲೆಯಲ್ಲಿ ಹೂಬಳ್ಳಿಗಳ ನಡುವೆ ಬರೆದ ಲ್ಯಾಟಿನ್ ಹೆಸರು, ಸುತ್ತಲೂ ಕಪ್ಪು ಇಲ್ಲವೆ ಚಿನ್ನದ ಬಣ್ಣದ ಕಟ್ಟು. ಇವು ಮುನ್ನೂರು ನಾನೂರು ವರ್ಷಗಳ ಹಿಂದಿನ ನಕಾಶೆಗಳ ಪ್ರತಿಕೃತಿಗಳು. ಹಲವರು ಇವನ್ನು ಮೆಚ್ಚಿ ಕೊಂಡು ತರುತ್ತಾರೆ. ಕೆಲವರು ಅಸಲಿಯೆಂದು ನಂಬಿ ಹೆಚ್ಚು ಬೆಲೆ ತೆರುತ್ತಾರೆ. ಇನ್ನು ಕೆಲವರು "ನಕಲು ತಾನೇ" ಎಂದು ಮುಖ ತಿರುಗಿಸುತ್ತಾರೆ. ತಂದವರ ಮನೆಯಲ್ಲಿಯೂ ಎರಡು ಮಳೆಗಾಲ ಕಳೆಯುವುದರೊಳಗೆ ಕಾಗದವು ಸುಕ್ಕುಗಟ್ಟಿ, ಬೂಷ್ಟು ಹಿಡಿದು, ಅಟ್ಟ ಸೇರುವುದುಂಟು.

ಇಂತಹ ಪ್ರತಿಕೃತಿಗೆ ನಿಜವಾಗಿ ಬೆಲೆಯುಂಟೆ, ಉಂಟಾದರೆ ಅದು ಯಾವುದರಿಂದ ಬಂದಿತು, ಅದನ್ನು ಉಳಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಎಣಿಸಿ ಖರ್ಚುಮಾಡುವ ಸಂಸಾರಸ್ಥನಿಗೆ ಗೋಡೆಯ ಅಲಂಕಾರವೆಂಬುದು ಹಗುರವಾದ ವಿಷಯವಲ್ಲ. ಕೊಟ್ಟ ಹಣವು ಎಲ್ಲಿ ಸಾರ್ಥಕವಾಗುವುದು, ಎಲ್ಲಿ ವ್ಯರ್ಥವಾಗುವುದು ಎಂದು ಅವನು ಮೊದಲೇ ತಿಳಿದಿರುವುದು ಲೇಸು.

ನಕಲು ಮಾಡಿದವನೇ ಮೂಲಪುರುಷ

ಇಂದು ನಾವು ಅಟ್ಲಾಸ್ ಎಂದು ಕರೆಯುವ ನಕಾಶೆಗಳ ಗ್ರಂಥವು ಮೊದಲು ಅಚ್ಚಾದದ್ದು 1570ರ ಮೇ ತಿಂಗಳಿನಲ್ಲಿ, ಇಂದಿನ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಎಂಬ ಬಂದರುಪಟ್ಟಣದಲ್ಲಿ. ಅದನ್ನು ಸಿದ್ಧಪಡಿಸಿದವನು ಅಬ್ರಹಾಂ ಆರ್ಟೀಲಿಯಸ್. ಈತನು ದೊಡ್ಡ ವಿದ್ವಾಂಸನಾಗಿ ಜೀವನವನ್ನು ಆರಂಭಿಸಿದವನಲ್ಲ. ಅಚ್ಚಾದ ನಕಾಶೆಗಳಿಗೆ ಕುಂಚದಿಂದ ಬಣ್ಣ ತುಂಬುವ ಕಸುಬುದಾರನಾಗಿ 1547ರಲ್ಲಿ ಆ ಊರಿನ ಕಲೆಗಾರರ ಸಂಘವನ್ನು ಸೇರಿದವನು. ಬಣ್ಣ ತುಂಬುತ್ತ, ಮಾರುತ್ತ, ಕೊಳ್ಳುತ್ತ ಅವನು ನಕಾಶೆಗಳ ಮರ್ಮವನ್ನು ಅರಿತನು. ಆ ಕಾಲದಲ್ಲಿ ನಕಾಶೆಗಳು ಒಂದೊಂದೂ ಒಂದೊಂದು ಅಳತೆಯವಾಗಿದ್ದವು. ಕೆಲವು ಸುರುಳಿಗಳನ್ನು ಬಿಡಿಸಲು ಕೋಣೆಯೇ ಸಾಲದು. ಬೇರೆ ಬೇರೆಯವರು ರಚಿಸಿದ ಉತ್ತಮ ನಕಾಶೆಗಳನ್ನು ಆರಿಸಿ, ಒಂದೇ ಅಳತೆಗೆ ಇಳಿಸಿ, ಹೊಸದಾಗಿ ತಾಮ್ರದ ತಗಡಿನ ಮೇಲೆ ಕೊರೆಯಿಸಿ, 53 ಹಾಳೆಗಳ ಒಂದು ಗ್ರಂಥವಾಗಿ ಆರ್ಟೀಲಿಯಸನು ಪ್ರಕಟಿಸಿದನು.

ಇಲ್ಲಿ ವಾಚಕರು ಗಮನಿಸಬೇಕಾದ ಮಾತೊಂದಿದೆ. ಜಗತ್ತಿನ ಮೊದಲ ಅಟ್ಲಾಸಿನ ಬಹುಪಾಲು ನಕಾಶೆಗಳು ಪ್ರತಿಕೃತಿಗಳೇ! ಆದರೂ ಆರ್ಟೀಲಿಯಸನನ್ನು ಯಾರೂ ಕೃತಿಚೋರನೆಂದು ಹಳಿಯಲಿಲ್ಲ. ಕಾರಣವೇನೆಂದರೆ, ತಾನು ಯಾರ ಯಾರ ಕೃತಿಗಳನ್ನು ಆಧರಿಸಿದ್ದೇನೆಂದು ಗ್ರಂಥದ ಆರಂಭದಲ್ಲಿಯೇ ಅವನು ಒಂದು ಪಟ್ಟಿಯನ್ನು ಕೊಟ್ಟನು. ಅದರಲ್ಲಿ 87 ಮಂದಿಯ ಹೆಸರುಗಳಿವೆ. ಅವರಲ್ಲಿ ಕೆಲವರ ಹೆಸರು ಈ ಪಟ್ಟಿಯಲ್ಲದೆ ಬೇರೆಲ್ಲಿಯೂ ಉಳಿದಿಲ್ಲ. ಮೂಲವನ್ನು ಮರೆಮಾಚದೆ ಹೇಳುವ ಪ್ರತಿಕೃತಿಯು ಮೂಲಕ್ಕೆ ದ್ರೋಹ ಮಾಡುವುದಿಲ್ಲ, ಅದರ ಆಯುಸ್ಸನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆರ್ಟೀಲಿಯಸನ ಮಿತ್ರನಾದ ಗೆರಾರ್ಡ್ ಮರ್ಕೇಟರನು 1594ರಲ್ಲಿ ತೀರಿಕೊಂಡನು. ಮರುವರ್ಷ, ಅಂದರೆ 1595ರಲ್ಲಿ, ಹೊರಬಂದ ಅವನ ಗ್ರಂಥದಿಂದಲೇ 'ಅಟ್ಲಾಸ್' ಎಂಬ ಹೆಸರು ರೂಢಿಗೆ ಬಂದಿತು. ಮುಂದೆ ಈ ಉದ್ಯಮದ ಕೇಂದ್ರವು ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರಕ್ಕೆ ಸರಿಯಿತು. ಅಲ್ಲಿನ ಬ್ಲಾವ್ ಮನೆತನದ ತಂದೆ ವಿಲೆಂ, ಮಗ ಯೋಹಾನ್ ಇಬ್ಬರೂ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ನಕಾಶೆ ಬರೆದುಕೊಡುವ ಅಧಿಕಾರ ಪಡೆದವರು. ಯೋಹಾನನು 1662ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹೊರತಂದ ಮಹಾ ಅಟ್ಲಾಸು 11 ಸಂಪುಟಗಳದು. ನಕಾಶೆಗಳು ಸುಮಾರು 600. ಬಣ್ಣವಿಲ್ಲದ ಪ್ರತಿಗೆ 350 ಗಿಲ್ಡರ್, ಕೈಯಿಂದ ಬಣ್ಣ ತುಂಬಿದ ಪ್ರತಿಗೆ 450 ಗಿಲ್ಡರ್ ಬೆಲೆ. ಆ ಶತಮಾನದಲ್ಲಿ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಅಚ್ಚಿನ ಪುಸ್ತಕಗಳಲ್ಲಿ ಅತ್ಯಂತ ದುಬಾರಿಯಾದುದು ಇದೆಂದು ಹೇಳುತ್ತಾರೆ. 1672ರಲ್ಲಿ ಬ್ಲಾವ್ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಮರುವರ್ಷವೇ ಯೋಹಾನನು ತೀರಿಕೊಂಡನು. ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಪ್ರತಿಕೃತಿಗಳಲ್ಲಿ ಬಹಳಷ್ಟಕ್ಕೆ ಆರ್ಟೀಲಿಯಸ್, ಮರ್ಕೇಟರ್, ಬ್ಲಾವ್ ಇವರ ನಕಾಶೆಗಳೇ ಮಾದರಿ.

ಗೋಡೆಗೇರಿದವು ಅಳಿದವು, ಗ್ರಂಥದೊಳಗಿನವು ಉಳಿದವು

ನಕಾಶೆಯನ್ನು ಗೋಡೆಗೆ ತೂಗುಹಾಕುವುದು ಇಂದಿನ ಹೊಸ ಶೋಕಿಯೆಂದು ಭಾವಿಸಬಾರದು. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರನಾದ ವರ್ಮೀರನ ಚಿತ್ರಗಳಲ್ಲಿ ಹಿನ್ನೆಲೆಯ ಗೋಡೆಯನ್ನು ಸೂಕ್ಷ್ಮವಾಗಿ ನೋಡಿದರೆ ಅಲ್ಲೊಂದು ದೊಡ್ಡ ನಕಾಶೆ ತೂಗುತ್ತಿರುತ್ತದೆ. ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿರುವ, ನಗುತ್ತಿರುವ ಹುಡುಗಿ ಮತ್ತು ಸೈನ್ಯಾಧಿಕಾರಿಯ ಚಿತ್ರದಲ್ಲಿ ಹಾಲೆಂಡ್ ಪ್ರಾಂತದ ನಕಾಶೆಯಿದೆ. ವಿಯೆನ್ನಾ ನಗರದಲ್ಲಿರುವ 'ಚಿತ್ರಕಲೆ' ಎಂಬ ಪ್ರಸಿದ್ಧ ಚಿತ್ರದಲ್ಲಿ ನಕಾಶೆಯ ಮಡಿಕೆಗಳನ್ನೂ ಸುಕ್ಕುಗಳನ್ನೂ ಸಹ ವರ್ಮೀರನು ಬಿಡದೆ ಬಣ್ಣದಲ್ಲಿ ಮೂಡಿಸಿದ್ದಾನೆ.

ಆ ಕಾಲದ ಗೋಡೆಯ ನಕಾಶೆಗಳಿಗೆ ಗಾಜಿನ ಕಟ್ಟು ಇರುತ್ತಿರಲಿಲ್ಲ. ಹಲವು ಹಾಳೆಗಳನ್ನು ಜೋಡಿಸಿ, ಬಟ್ಟೆಗೆ ಅಂಟಿಸಿ, ಮೇಲೆ ಕೆಳಗೆ ಮರದ ಕೋಲು ಹೊಡೆದು, ಮೆರುಗೆಣ್ಣೆ ಬಳಿದು ತೂಗುಹಾಕುತ್ತಿದ್ದರು. ಒಲೆಯ ಹೊಗೆ, ಗೋಡೆಯ ತೇವ, ಕಿಟಕಿಯ ಬಿಸಿಲು ಇವುಗಳಿಗೆ ಅವು ಮೈಯೊಡ್ಡಿ ನಿಂತವು. ಮೆರುಗೆಣ್ಣೆಯು ಕಂದಾಗಿ ಕಾಗದವನ್ನು ಬಿರಿಯಿಸಿತು. ಆದುದರಿಂದಲೇ ಆ ಗೋಡೆಯ ನಕಾಶೆಗಳು ಇಂದು ಬಲು ವಿರಳ. ಗ್ರಂಥದೊಳಗೆ ಬೆಳಕು ಕಾಣದೆ ಮಲಗಿದ್ದ ಹಾಳೆಗಳು ಮಾತ್ರ ನೂರಾರು ಸಂಖ್ಯೆಯಲ್ಲಿ ಉಳಿದುಬಂದವು.

ಇದಕ್ಕೆ ಪರಮ ನಿದರ್ಶನವೆಂದರೆ ಮಾರ್ಟಿನ್ ವಾಲ್ಡ್‌ಸೀಮ್ಯೂಲರನು 1507ರಲ್ಲಿ ಪ್ರಕಟಿಸಿದ ಜಗತ್ತಿನ ನಕಾಶೆ. 'ಅಮೇರಿಕಾ' ಎಂಬ ಹೆಸರು ಮೊಟ್ಟಮೊದಲು ಕಾಣಿಸಿಕೊಂಡದ್ದು ಈ ನಕಾಶೆಯಲ್ಲಿಯೇ. 12 ಹಾಳೆಗಳನ್ನು ಜೋಡಿಸಿ ಗೋಡೆಗೆ ಹಾಕಲೆಂದು ಮಾಡಿದ ಆ ಮುದ್ರಣದ ಒಂದೇ ಒಂದು ಪ್ರತಿ ಇಂದು ತಿಳಿದಿದೆ. ಅದು ಉಳಿದುದಾದರೂ ಹೇಗೆ? ಯಾರೋ ಪುಣ್ಯಾತ್ಮರು ಹಾಳೆಗಳನ್ನು ಜೋಡಿಸದೆ ಪುಸ್ತಕದಂತೆ ಕಟ್ಟಿಸಿ ಇಟ್ಟಿದ್ದರು. 1901ರಲ್ಲಿ ಅದು ಜರ್ಮನಿಯ ವೋಲ್ಫೆಗ್ ಎಂಬಲ್ಲಿನ ಕೋಟೆಮನೆಯ ಪುಸ್ತಕಭಂಡಾರದಲ್ಲಿ ದೊರೆಯಿತು. ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ಅದನ್ನು ಒಂದು ಕೋಟಿ ಡಾಲರು ಕೊಟ್ಟು ಕೊಂಡಿತು; 2003ರಲ್ಲಿ ಆ ವ್ಯವಹಾರವು ಪೂರ್ಣವಾಯಿತು. ಈಗ ಅದು ಆರ್ಗಾನ್ ಎಂಬ ಜಡ ಅನಿಲವನ್ನು ತುಂಬಿ ಭದ್ರವಾಗಿ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ, ಮಂದ ಬೆಳಕಿನಲ್ಲಿದೆ. ಕಟ್ಟು ಎಂಬುದು ಅಂದಕ್ಕಷ್ಟೇ ಅಲ್ಲದೆ ಪ್ರಾಣರಕ್ಷಣೆಗೂ ಇರತಕ್ಕದ್ದು ಎಂಬುದನ್ನು ಈ ಪೆಟ್ಟಿಗೆಯು ತೋರಿಸಿಕೊಡುತ್ತದೆ.

ನಮ್ಮ ಕರಾವಳಿಯ ಹೆಸರುಗಳು

ಇವೆಲ್ಲ ದೂರದೇಶದ ಕಥೆಗಳು. ನಮಗೂ ಇವಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಹದಿನಾರು ಹದಿನೇಳನೆಯ ಶತಮಾನಗಳ ಭಾರತದ ನಕಾಶೆಯ ಪ್ರತಿಕೃತಿಯೊಂದನ್ನು ಭೂತಗನ್ನಡಿ ಹಿಡಿದು ನೋಡಿದರೆ ಆ ಪ್ರಶ್ನೆಗೆ ಉತ್ತರ ದೊರೆಯುವುದು. ಗೋವೆಯಿಂದ ಕೆಳಕ್ಕೆ ಕರಾವಳಿಯಗುಂಟ ಒತ್ತೊತ್ತಾಗಿ ಹೆಸರುಗಳಿರುತ್ತವೆ. 'ಓನೋರ್' ಎಂದರೆ ಹೊನ್ನಾವರ. 'ಬಟಿಕಾಲ' ಎಂದರೆ ಭಟ್ಕಳ. 'ಬಾರ್ಸೆಲೋರ್' ಅಥವಾ 'ಬ್ರಾಸೆಲೋರ್' ಎಂದರೆ ಕುಂದಾಪುರದ ಹತ್ತಿರದ ಬಸರೂರು. 'ಮಂಗಲೋರ್' ಯಾವುದೆಂದು ಹೇಳಬೇಕಾಗಿಲ್ಲ. ಪೋರ್ಚುಗೀಸ್ ನಾವಿಕರ ಕಿವಿಗೆ ಬಿದ್ದ ನಮ್ಮ ಊರುಗಳ ಹೆಸರುಗಳು ಅವರ ನಾಲಗೆಯಲ್ಲಿ ತಿರುಚಿಕೊಂಡು, ಆಮ್‌ಸ್ಟರ್‌ಡ್ಯಾಮಿನ ತಾಮ್ರದ ತಗಡಿನವರೆಗೂ ಹೋದವು.

ಇಂದು ವಾರಾಹಿ ನದಿಯ ದಡದಲ್ಲಿ ಶಾಂತವಾಗಿರುವ ಬಸರೂರನ್ನು ಕಂಡವರಿಗೆ, ಅದೊಂದು ಕಾಲದಲ್ಲಿ ಅಕ್ಕಿಯ ದೊಡ್ಡ ವ್ಯಾಪಾರಸ್ಥಳವಾಗಿತ್ತೆಂದೂ ಪೋರ್ಚುಗೀಸರು ಅಲ್ಲಿ ಕೋಟೆ ಹಿಡಿದಿದ್ದರೆಂದೂ 1665ರಲ್ಲಿ ಶಿವಾಜಿ ಮಹಾರಾಜರೇ ಕಡಲಮಾರ್ಗವಾಗಿ ಬಂದು ಅದರ ಮೇಲೆ ದಾಳಿಯಿಟ್ಟರೆಂದೂ ಹೇಳಿದರೆ ನಂಬಿಕೆ ಬರುವುದು ಕಷ್ಟ. ಆ ಹಿರಿಮೆಯ ಸಾಕ್ಷ್ಯವು ಯುರೋಪಿನಲ್ಲಿ ಅಚ್ಚಾದ ಕಾಗದದ ಮೇಲೆ ಇನ್ನೂ ಉಳಿದಿದೆ. ಕುಂದಾಪುರದ ಕಡೆಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ, ಪುಣೆಗೆ, ಮದ್ರಾಸಿಗೆ ಬಂದು ಹೋಟೆಲು ನಡೆಸಿದ ನಮ್ಮವರು, ತಮ್ಮ ಊರಿನ ಪಕ್ಕದ ಬಂದರಿಗೆ ಪರದೇಶದ ಹಡಗುಗಳೇ ಹುಡುಕಿಕೊಂಡು ಬರುತ್ತಿದ್ದವೆಂಬುದನ್ನು ಗೋಡೆಯ ಮೇಲೆ ಕಂಡರೆ ಅದು ಬರಿಯ ಅಲಂಕಾರವಾಗಿ ಉಳಿಯಲಾರದು.

ಘಟ್ಟದ ಮೇಲೆ ದೃಷ್ಟಿ ಹಾಯಿಸಿದರೆ 'ನಾರ್ಸಿಂಗ' ಎಂಬ ರಾಜ್ಯವೂ 'ಬಿಸ್ನಗರ್' ಎಂಬ ಪಟ್ಟಣವೂ ಕಾಣಸಿಗುತ್ತವೆ. ಸಾಳುವ ನರಸಿಂಹನ ಹೆಸರಿನಿಂದ ವಿಜಯನಗರ ರಾಜ್ಯವನ್ನು ಪೋರ್ಚುಗೀಸರು ಹಾಗೆ ಕರೆದರು. ಬಿಸ್ನಗರವೆಂದರೆ ವಿಜಯನಗರ ಪಟ್ಟಣವೇ. ಅದು 1565ರ ಯುದ್ಧದ ತರುವಾಯ ಹಾಳುಬಿದ್ದಿತು. ಅಂದರೆ ಆರ್ಟೀಲಿಯಸನ ಅಟ್ಲಾಸು ಹೊರಡುವುದಕ್ಕೆ ಐದು ವರ್ಷ ಮೊದಲೇ ಆ ನಗರವು ಸೂರೆಹೋಗಿತ್ತು. ಆದರೂ ಮುಂದಿನ ಶತಮಾನದ ನಕಾಶೆಗಳಲ್ಲಿಯೂ ಬಿಸ್ನಗರವು ಗೋಪುರದ ಗುರುತಿನೊಡನೆ ಮೆರೆಯುತ್ತಲೇ ಇದ್ದಿತು. ತಗಡನ್ನು ಒಮ್ಮೆ ಕೊರೆದ ಬಳಿಕ ಅಳಿಸಿ ತಿದ್ದುವುದು ಖರ್ಚಿನ ಕೆಲಸ. ಸುದ್ದಿ ಮುಟ್ಟುವುದೂ ನಿಧಾನ.

ನಕಾಶೆಯಲ್ಲಿ ಇದ್ದುದೆಲ್ಲ ನಿಜವೆಂದು ತಿಳಿಯಬಾರದೆಂಬುದಕ್ಕೆ ಬೇರೆ ನಿದರ್ಶನಗಳೂ ಉಂಟು. ಆ ಕಾಲದ ಹಲವು ನಕಾಶೆಗಳಲ್ಲಿ ಹಿಮಾಲಯದ ಆಚೆ 'ಚಿಯಾಮಾಯ್' ಎಂಬ ಮಹಾಸರೋವರವಿದೆ; ಹಲವು ನದಿಗಳು ಅಲ್ಲಿಂದ ಹೊರಡುತ್ತವೆ. ಅಂತಹ ಸರೋವರವೇ ಇಲ್ಲ. ಇಂಗ್ಲೆಂಡಿನ ಜಾನ್ ಸ್ಪೀಡನ 1627ರ ಗ್ರಂಥದ ಜಗತ್ತಿನ ನಕಾಶೆಯಲ್ಲಿ ಕ್ಯಾಲಿಫೋರ್ನಿಯವು ಒಂದು ದ್ವೀಪ. ಇನ್ನು ಬ್ರಿಟಿಷರ ಕಾಲಕ್ಕೆ ಬಂದರೆ, ಜೇಮ್ಸ್ ರೆನಲ್ ಎಂಬವನ 1782ರ 'ಹಿಂದೂಸ್ಥಾನ'ದ ನಕಾಶೆಯು ಅಳತೆಯ ದೃಷ್ಟಿಯಿಂದ ಹಿಂದಿನವುಗಳಿಗಿಂತ ಬಹಳ ಮೇಲು. ಆದರೆ ಅದರ ಶೀರ್ಷಿಕೆಯ ಸುತ್ತಲಿನ ಚಿತ್ರವನ್ನು ನೋಡಿರಿ: ಬ್ರಿಟಾನಿಯಾ ದೇವಿಯು ಎತ್ತರದಲ್ಲಿ ನಿಂತಿದ್ದಾಳೆ, ಬ್ರಾಹ್ಮಣರು ಬಾಗಿ ತಮ್ಮ ಶಾಸ್ತ್ರಗ್ರಂಥಗಳನ್ನು ಆಕೆಗೆ ಒಪ್ಪಿಸುತ್ತಿದ್ದಾರೆ. ನೆಲದ ಅಳತೆಯಷ್ಟೇ ಅಲ್ಲ, ನೆಲವನ್ನು ಆಳುವವರ ಮನಸ್ಸೂ ಅಲ್ಲಿ ಅಚ್ಚಾಗಿದೆ. ಇಂತಹ ಚಿತ್ರವನ್ನು ಗೋಡೆಗೆ ಹಾಕುವವರು ಅದರ ಅರ್ಥವನ್ನು ತಿಳಿದು ಹಾಕುವುದು ಒಳ್ಳೆಯದು.

ಅಸಲಿನ ಆಸೆಯಿಂದಾದ ಹಾನಿ

ಅಸಲಿ ನಕಾಶೆಯೇ ಬೇಕೆಂಬ ಹಂಬಲವು ತಪ್ಪಲ್ಲ. ಆದರೆ ಆ ಹಂಬಲವು ಮಾರುಕಟ್ಟೆಯಲ್ಲಿ ಏನನ್ನು ಮಾಡಿಸಿದೆಯೆಂಬುದನ್ನು ತಿಳಿಯಬೇಕು. ಒಂದು ಹಳೆಯ ಅಟ್ಲಾಸನ್ನು ಇಡಿಯಾಗಿ ಮಾರುವುದಕ್ಕಿಂತ, ಹೊಲಿಗೆ ಬಿಚ್ಚಿ ಒಂದೊಂದೇ ಹಾಳೆಯನ್ನು ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆ. ಹೀಗೆ ಎಷ್ಟೋ ಸಂಪೂರ್ಣ ಗ್ರಂಥಗಳು ಹರಿದು ಹಂಚಿಹೋಗಿವೆ. ಇಂದು ಗೋಡೆಗಳ ಮೇಲಿರುವ ಅಸಲಿ ಹಾಳೆಗಳಲ್ಲಿ ಬಹಳಷ್ಟರ ಹಿಂದೆ ಹೀಗೆ ಮುರಿದ ಪುಸ್ತಕವೊಂದಿದೆ.

ಇನ್ನೊಂದು ಹಾನಿಯೆಂದರೆ ಕಳವು. 2005ರಲ್ಲಿ ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಬೈನಕೆ ಗ್ರಂಥಾಲಯದಲ್ಲಿ ಸಿಬ್ಬಂದಿಯೊಬ್ಬರಿಗೆ ನೆಲದ ಮೇಲೆ ಒಂದು ಹರಿತವಾದ ಅಲಗು ಬಿದ್ದಿರುವುದು ಕಾಣಿಸಿತು. ಅಂದು ಅಲ್ಲಿ ಓದಲು ಬಂದಿದ್ದ ಫೋರ್ಬ್ಸ್ ಸ್ಮೈಲಿ ಎಂಬ ಹೆಸರಾಂತ ನಕಾಶೆ ವ್ಯಾಪಾರಿಯ ಮೇಲೆ ನಿಗಾ ಇಟ್ಟು ಹಿಡಿದಾಗ ಅವನ ಬಳಿ ಗ್ರಂಥಗಳಿಂದ ತೆಗೆದ ನಕಾಶೆಗಳು ಸಿಕ್ಕವು. ವಿವಿಧ ಗ್ರಂಥಾಲಯಗಳಿಂದ 97 ನಕಾಶೆಗಳನ್ನು ಕದ್ದುದಾಗಿ ಅವನು ಒಪ್ಪಿಕೊಂಡನು. 2006ರಲ್ಲಿ ಮೂರೂವರೆ ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ನಮ್ಮ ದೇಶದಲ್ಲಿಯೂ ನೂರು ವರ್ಷ ಮೀರಿದ ಇಂತಹ ವಸ್ತುಗಳಿಗೆ 1972ರ ಪ್ರಾಚೀನ ವಸ್ತುಗಳ ಕಾನೂನು ಅನ್ವಯಿಸುತ್ತದೆ; ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಸಲಿ ಹಾಳೆಯನ್ನು ಕೊಳ್ಳುವವರು ಅದು ಎಲ್ಲಿಂದ ಬಂದಿತೆಂದು ಕೇಳಿ, ರಸೀದಿ ಪಡೆದೇ ಕೊಳ್ಳತಕ್ಕದ್ದು.

ಇದನ್ನೆಲ್ಲ ನೋಡಿದರೆ, ಒಳ್ಳೆಯ ಪ್ರತಿಕೃತಿಯು ಬಡವನ ಸಮಾಧಾನವೆಂದು ಕೀಳಾಗಿ ಎಣಿಸಬೇಕಾದ ಕಾರಣವಿಲ್ಲ. ನಮ್ಮ ಮುಂಬಯಿಯಲ್ಲಿಯೇ ಇದಕ್ಕೊಂದು ಹೋಲಿಕೆಯುಂಟು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಬಳಿಕ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅರಮನೆಯ ಗೋಡೆಗಷ್ಟೇ ಸಲ್ಲುತ್ತಿದ್ದ ಲಕ್ಷ್ಮಿ ಸರಸ್ವತಿಯರ ಚಿತ್ರಗಳು ಅಚ್ಚಾಗಿ ಮನೆಮನೆಯ ದೇವರಕೋಣೆಗೆ ಬಂದವು; ಹೋಟೆಲಿನ ಗಲ್ಲಾದ ಹಿಂದಿನ ಗೋಡೆಯನ್ನೂ ಏರಿದವು. ಅವುಗಳಿಗೆ ಊದುಬತ್ತಿ ಹಚ್ಚುವವರು ಯಾರೂ ಇದು ನಕಲೆಂದು ಕೈಬಿಟ್ಟಿಲ್ಲ. ಚಿತ್ರಕ್ಕೆ ಸಲ್ಲುವ ಈ ನ್ಯಾಯವು ನಕಾಶೆಗೂ ಸಲ್ಲಬೇಕು.

ಕೊಳ್ಳುವಾಗ ನೋಡಬೇಕಾದುದು

ಪ್ರತಿಕೃತಿಯನ್ನು ಪ್ರತಿಕೃತಿಯೆಂದೇ ಹೇಳಿ ಮಾರಬೇಕು. ಇದು ಮೊದಲನೆಯ ನಿಯಮ. ಹೇಳದಿದ್ದಾಗ ತಿಳಿಯುವುದು ಹೇಗೆ? ಹಳೆಯ ನಕಾಶೆಯನ್ನು ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಒದ್ದೆ ಕಾಗದವನ್ನು ಅದರ ಮೇಲಿಟ್ಟು ಉರುಳೆಯಿಂದ ಒತ್ತಿ ಅಚ್ಚು ಮಾಡುತ್ತಿದ್ದರು. ಆದುದರಿಂದ ತಗಡಿನ ಅಂಚು ಕಾಗದದಲ್ಲಿ ತಗ್ಗಾದ ಗುರುತನ್ನು ಬಿಡುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಅಟ್ಲಾಸಿನ ಹಾಳೆಗೆ ನಡುವೆ ಮಡಿಕೆಯಿರುತ್ತದೆ. ಹಲವೊಮ್ಮೆ ಹಿಂಬದಿಯಲ್ಲಿ ಲ್ಯಾಟಿನ್ ಅಥವಾ ಡಚ್ ಭಾಷೆಯ ಬರಹವಿರುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದರೆ ಅದನ್ನು ತಯಾರಿಸಿದ ತಂತಿಬಲೆಯ ಗೆರೆಗಳು ಕಾಣುತ್ತವೆ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಬಣ್ಣವು ಕಾಗದವನ್ನು ತಿಂದು ಹಿಂಬದಿಗೆ ಕಂದಾಗಿ ಹಾಯ್ದಿರುವುದೂ ಉಂಟು. ಇಂದಿನ ಆಫ್‌ಸೆಟ್ ಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿದರೆ ರೇಖೆಯೂ ಬಣ್ಣವೂ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತವೆ. ಚುಕ್ಕೆಗಳು ಕಂಡರೆ ಅದು ಹೊಸ ಮುದ್ರಣ, ಸಂಶಯವೇ ಬೇಡ.

ಇನ್ನು ಹಳತೆನಿಸುವಂತೆ ಮಾಡಿದ ಹೊಸತುಗಳು. ಕಾಗದವನ್ನು ಚಹದ ನೀರಿನಲ್ಲಿ ಅದ್ದಿ, ಒಣಗಿಸಿ, ಅಂಚನ್ನು ಸುಟ್ಟು, ಪುರಾತನವೆಂಬ ಭ್ರಮೆ ಹುಟ್ಟಿಸುವುದುಂಟು. ಬೆಳಗಿನಿಂದ ರಾತ್ರಿಯವರೆಗೆ ಚಹದ ಕಲೆಯನ್ನು ಒರೆಸುವ ನಮ್ಮ ಹೋಟೆಲು ಬಂಧುಗಳಿಗೆ ಆ ಬಣ್ಣದ ಗುರುತು ಹೇಳಿಕೊಡಬೇಕಾಗಿಲ್ಲ! ಚಹದ ಒಗರಿನಲ್ಲಿ ಆಮ್ಲಗುಣವಿರುವುದರಿಂದ ಅಂತಹ ಕಾಗದವು ಬೇಗನೆ ಪುಡಿಯಾಗುವುದೆಂಬುದು ಇನ್ನೊಂದು ದೋಷ.

ಅಂಗಡಿಯಲ್ಲಿ ಮನಸ್ಸಿಗೆ ಒಪ್ಪುವುದು ದೊರೆಯದಿದ್ದರೆ ಇನ್ನೊಂದು ದಾರಿಯಿದೆ. ಲೈಬ್ರರಿ ಆಫ್ ಕಾಂಗ್ರೆಸ್ಸೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ರಮ್ಸೀ ಸಂಗ್ರಹವೂ ಸಾವಿರಾರು ಹಳೆಯ ನಕಾಶೆಗಳ ಸ್ಪಷ್ಟವಾದ ಛಾಯಾಪ್ರತಿಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಸ್ವಂತ ಗೋಡೆಗೆ ಬೇಕಾದವರು ಅವನ್ನು ಪಡೆದು ಮುದ್ರಿಸಿಕೊಳ್ಳಬಹುದು. ಮಾರುವ ಉದ್ದೇಶವಿದ್ದರೆ ಮಾತ್ರ ಆಯಾ ಸಂಸ್ಥೆಯ ನಿಯಮವನ್ನು ನೋಡಬೇಕು. ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚು ಮಾಡಿದರೆ ಗೆರೆಗಳು ನಯವಾಗಿ ಬರುತ್ತವೆ. ಅಂದರೆ 20 ಅಂಗುಲ ಅಗಲದ ಪ್ರತಿಗೆ ಚಿತ್ರದ ಅಗಲವು 6000 ಚುಕ್ಕೆಗಳಷ್ಟು ಇರಬೇಕು. ನೀರಿನಲ್ಲಿ ಕರಗುವ ಬಣ್ಣದ ಮಸಿಗಿಂತ ಪಿಗ್ಮೆಂಟ್ ಮಸಿಯು ಬಹುಕಾಲ ಮಾಸದೆ ನಿಲ್ಲುವುದರಿಂದ, ಅದರಲ್ಲಿಯೇ ಮುದ್ರಿಸಿಕೊಡಿರೆಂದು ಕೇಳಿ ಪಡೆಯಬೇಕು.

ಕಟ್ಟು ಹಾಕಿಸುವ ಬಗೆ

ನಮ್ಮ ಜನರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕಟ್ಟಿನ ಅಂಗಡಿಗೆ ಹೋಗಿ, ಅಗಲವಾದ ಚಿನ್ನದ ಬಣ್ಣದ ಪಟ್ಟಿಯನ್ನು ಆರಿಸಿ, ಹಣವನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಒಳಗೆ ಏನು ಹಾಕುತ್ತಾರೆಂದು ಕೇಳುವುದೇ ಇಲ್ಲ. ಅಂಗಡಿಯವನು ನಕಾಶೆಯನ್ನು ನೇರವಾಗಿ ಗಾಜಿಗೆ ತಾಗಿಸಿ, ಹಿಂದೆ ಅಗ್ಗದ ರಟ್ಟನ್ನಿಟ್ಟು ಮೊಳೆ ಹೊಡೆದುಕೊಡುತ್ತಾನೆ. ಮಳೆಗಾಲದಲ್ಲಿ ಗಾಜಿನ ಒಳಮೈಯಲ್ಲಿ ನೀರಹನಿ ಕಟ್ಟುತ್ತದೆ, ಕಾಗದವು ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಹಬ್ಬುತ್ತದೆ. ಅಗ್ಗದ ರಟ್ಟಿನಲ್ಲಿರುವ ಆಮ್ಲವು ಕಾಗದಕ್ಕೆ ಇಳಿದು ಕಂದು ಕಲೆಗಳನ್ನು ಮೂಡಿಸುತ್ತದೆ.

ಇದಕ್ಕೆ ಮೊದಲ ಪರಿಹಾರ ಮೌಂಟು. ನಡುವೆ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟನ್ನು ನಕಾಶೆಗೂ ಗಾಜಿಗೂ ನಡುವೆ ಇಡುವುದರಿಂದ ಎರಡರ ಮಧ್ಯೆ ಗಾಳಿಗೆ ಎಡೆಯಾಗುತ್ತದೆ. ಅದು ಆಮ್ಲರಹಿತವಾದ ರಟ್ಟೇ ಆಗಿರಬೇಕು. ಹಿಂದಿನ ರಟ್ಟಿಗೂ ಇದೇ ನಿಯಮ. ಬೆಲೆ ಸ್ವಲ್ಪ ಹೆಚ್ಚಾದರೂ ಹಣ ಕೊಡಬೇಕಾದುದು ಇದಕ್ಕೇ. ಮೌಂಟಿನ ಅಗಲವು ಎರಡೂವರೆ ಮೂರು ಅಂಗುಲವಿದ್ದರೆ ನಕಾಶೆಗೆ ಉಸಿರಾಡಲು ಜಾಗ ಸಿಕ್ಕಂತೆ ಕಾಣುವುದು. ಕೆಳಗಿನ ಪಟ್ಟಿಯು ಮೇಲಿನದಕ್ಕಿಂತ ಅರ್ಧ ಅಂಗುಲ ಹೆಚ್ಚಿರಲಿ. ಸಮವಾಗಿದ್ದರೆ ಚಿತ್ರವು ಕೆಳಕ್ಕೆ ಜಾರಿದಂತೆ ಕಣ್ಣಿಗೆ ತೋರುತ್ತದೆ. ಬಣ್ಣವು ಅಚ್ಚ ಬಿಳುಪಿಗಿಂತ ಕೆನೆಬಣ್ಣವಾದರೆ ಹಳೆಯ ಕಾಗದದ ವರ್ಣಕ್ಕೆ ಹೊಂದುತ್ತದೆ.

ನಕಾಶೆಯನ್ನು ಹಿಂದಿನ ರಟ್ಟಿಗೆ ಪೂರ್ತಿಯಾಗಿ ಅಂಟಿಸಬಾರದು. ಕಾಗದವು ತೇವದಲ್ಲಿ ಹಿಗ್ಗಿ ಒಣಹವೆಯಲ್ಲಿ ಕುಗ್ಗುವ ವಸ್ತು. ನಾಲ್ಕು ಕಡೆಯೂ ಬಿಗಿದರೆ ಅಲೆಯಲೆಯಾಗಿ ಸುಕ್ಕುತ್ತದೆ. ಮೇಲಂಚಿನಲ್ಲಿ ಮಾತ್ರ ಎರಡು ಸಣ್ಣ ಕಾಗದದ ಪಟ್ಟಿಗಳಿಂದ ತೂಗಿಬಿಡುವುದು ಸರಿಯಾದ ಕ್ರಮ. ವಸ್ತುಸಂಗ್ರಹಾಲಯಗಳಲ್ಲಿ ತೆಳುವಾದ ಜಪಾನೀ ಕಾಗದವನ್ನೂ ಗೋಧಿಯ ಪಿಷ್ಟದಿಂದ ಕಾಯಿಸಿದ ಅಂಟನ್ನೂ ಬಳಸುತ್ತಾರೆ. ಮುಂದೆ ಬೇಕಾದಾಗ ನೀರು ತಾಗಿಸಿದರೆ ಅದು ಬಿಡುತ್ತದೆ. ಸೆಲೋಟೇಪನ್ನು ಮಾತ್ರ ಹತ್ತಿರ ಸೇರಿಸಬಾರದು. ಅದರ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಮತ್ತೆ ಹೋಗುವುದಿಲ್ಲ.

ಗಾಜಿನ ವಿಷಯದಲ್ಲಿ, ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ಉತ್ತಮ, ಆದರೆ ದುಬಾರಿ. ಅದನ್ನು ಹಾಕಿದ ಮಾತ್ರಕ್ಕೆ ಬಿಸಿಲಿನಲ್ಲಿ ತೂಗಬಹುದೆಂದಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಕೆಡಿಸುತ್ತದೆ. ಸಂಗ್ರಹಾಲಯಗಳಲ್ಲಿ ಕಾಗದದ ಕೃತಿಗಳ ಮೇಲೆ ಸುಮಾರು 50 ಲಕ್ಸ್ ಮಾತ್ರ ಬೆಳಕು ಬಿಡುವ ಪದ್ಧತಿಯಿದೆ. ಅದು ಕೋಣೆಯ ಮಂದ ದೀಪದಷ್ಟು. ಪ್ರತಿಕೃತಿಗೆ ಅಷ್ಟು ಕಟ್ಟುನಿಟ್ಟು ಬೇಡ. ಆದರೂ ಕಿಟಕಿಯ ಎದುರಿನ ಗೋಡೆಯನ್ನು ಬಿಟ್ಟು ಪಕ್ಕದ ಗೋಡೆಯನ್ನು ಆರಿಸಿದರೆ ಸಾಧಾರಣ ಗಾಜೇ ಸಾಕು.

ಕಟ್ಟಿನ ಮರಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ಹದಿನೇಳನೆಯ ಶತಮಾನದ ಡಚ್ ಮನೆಗಳಲ್ಲಿ ಚಿತ್ರಗಳಿಗೆ ಕಪ್ಪು ಮರದ ಕಟ್ಟು ಪ್ರಿಯವಾಗಿತ್ತು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಮುದ್ರಣಗಳಿಗೆ ಕಪ್ಪು ಪಟ್ಟಿಯ ಅಂಚಿನಲ್ಲಿ ಸಪೂರವಾದ ಚಿನ್ನದ ಗೆರೆಯುಳ್ಳ ಕಟ್ಟು ರೂಢಿಯಾಯಿತು. ಚಿತ್ರಕಾರ ಹೋಗಾರ್ತನ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಬ್ಲಾವ್ ನಕಾಶೆಗೆ ಕಪ್ಪು, ರೆನಲ್ ನಕಾಶೆಗೆ ಹೋಗಾರ್ತ್ ಕಟ್ಟು ಒಪ್ಪುವುದು. ಮುಕ್ಕಾಲು ಅಂಗುಲದ ಸಾದಾ ಸಾಗುವಾನಿಯ ಪಟ್ಟಿಯೂ ಎಲ್ಲಕ್ಕೂ ಹೊಂದುತ್ತದೆ. ನಕಾಶೆಯಲ್ಲಿಯೇ ಬೇಕಾದಷ್ಟು ಹೂಬಳ್ಳಿಗಳಿರುವಾಗ ಕಟ್ಟಿನಲ್ಲಿ ಮತ್ತಷ್ಟು ಹೂಬಳ್ಳಿ ಬೇಡ.

ಹಿಂಬದಿಯನ್ನು ಕಾಗದದ ಪಟ್ಟಿಯಿಂದ ಸುತ್ತಲೂ ಮುಚ್ಚಿಸಿದರೆ ಧೂಳೂ ಕಾಗದ ತಿನ್ನುವ ಹುಳುಗಳೂ ಒಳಗೆ ನುಗ್ಗುವುದಿಲ್ಲ. ಕೆಳಗಿನ ಎರಡು ಮೂಲೆಗಳಿಗೆ ಬೆಂಡಿನ ಅಥವಾ ರಬ್ಬರಿನ ಬಿಲ್ಲೆಗಳನ್ನು ಅಂಟಿಸಿರಿ. ಕಟ್ಟು ಗೋಡೆಯಿಂದ ಅಷ್ಟು ದೂರ ನಿಂತು ಹಿಂದೆ ಗಾಳಿಯಾಡುವುದು. ಮುಂಬಯಿಯಂತಹ ಕಡಲತೀರದ ಊರಿನಲ್ಲಿ, ಹೊರಗೋಡೆಯು ಮಳೆನೀರು ಕುಡಿದು ಜಿನುಗುವ ಚಾಳುಗಳಲ್ಲಿ, ನಾಲ್ಕು ಕಾಸಿನ ಈ ಬಿಲ್ಲೆಯು ಬಲು ಉಪಕಾರಿ. ಒಳಗೋಡೆಯಿದ್ದರೆ ಅದಕ್ಕೇ ಹಾಕುವುದು ಮೇಲು. ಹೋಟೆಲಿನಲ್ಲಾದರೆ ಅಡಿಗೆಮನೆಯ ಬಾಗಿಲಿನ ಬಳಿ, ಇಡ್ಲಿಯ ಹಬೆಯೂ ಎಣ್ಣೆಯ ಹೊಗೆಯೂ ತಾಗುವ ಕಡೆ ಹಾಕಲೇಬಾರದು. ಮಳೆಗಾಲ ಮುಗಿದೊಡನೆ ಒಮ್ಮೆ ಇಳಿಸಿ, ಹಿಂಬದಿಯನ್ನು ನೋಡಿ, ಒಣಬಟ್ಟೆಯಿಂದ ಒರೆಸಿ ಮತ್ತೆ ಹಾಕಿದರೆ ವರ್ಷದ ಆರೈಕೆ ಮುಗಿಯಿತು. ಗಾಜಿಗೆ ನೇರವಾಗಿ ನೀರು ಚಿಮುಕಿಸದೆ, ಬಟ್ಟೆಯನ್ನು ತುಸು ಒದ್ದೆಮಾಡಿ ಒರೆಸತಕ್ಕದ್ದು.

ಒಂದು ಕೊನೆಯ ಸೂಚನೆ

ಕಟ್ಟು ಹಾಕಿಸುವಾಗ ಹಿಂಬದಿಗೆ ಒಂದು ಚೀಟಿಯನ್ನು ಅಂಟಿಸಬೇಕೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ. ನಕಾಶೆಯನ್ನು ರಚಿಸಿದವನ ಹೆಸರು, ಮೊದಲು ಅಚ್ಚಾದ ಊರು ಮತ್ತು ವರ್ಷ, ಮೂಲಪ್ರತಿಯು ಇರುವ ಗ್ರಂಥಾಲಯ, ಇದು ಪ್ರತಿಕೃತಿಯೆಂಬ ಮಾತು, ಮುದ್ರಿಸಿದ ವರ್ಷ, ಇಷ್ಟನ್ನು ಕನ್ನಡದಲ್ಲಿ ಬರೆದರೆ ಸಾಕು. ನಮ್ಮ ಕಾಲದ ತರುವಾಯ ಅದು ಮಕ್ಕಳ ಕೈಗೆ ಬಂದಾಗ ಯಾರೂ ಅವರನ್ನು ಮೋಸಗೊಳಿಸಲಾರರು. ಅವರೂ ಬೇರೊಬ್ಬರನ್ನು ಮೋಸಗೊಳಿಸಲಾರರು. ಆರ್ಟೀಲಿಯಸನು ತನ್ನ ಗ್ರಂಥದ ಆರಂಭದಲ್ಲಿ 87 ಹೆಸರುಗಳನ್ನು ಬರೆದು ಮಾಡಿದ ಕೆಲಸವನ್ನು ನಾವು ನಮ್ಮ ಗೋಡೆಯ ಮಟ್ಟಿಗೆ ಮಾಡಿದಂತಾಗುವುದು.

ಆ ಚೀಟಿಯಲ್ಲಿ ಜಾಗ ಉಳಿದರೆ ಇನ್ನೆರಡು ಸಾಲು ಸೇರಿಸಬಹುದು: 'ಓನೋರ್' ಎಂದರೆ ಹೊನ್ನಾವರ, 'ಬಾರ್ಸೆಲೋರ್' ಎಂದರೆ ಬಸರೂರು. ಪರ ಊರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಊರಿನ ಹೆಸರನ್ನು ಹೇಳಿಕೊಡಲು ಅಜ್ಜಿಯಂದಿರು ಈಗ ಎಲ್ಲ ಮನೆಗಳಲ್ಲಿಯೂ ಇಲ್ಲ. ಗೋಡೆಯ ಮೇಲಿನ ನಕಾಶೆಯನ್ನು ತೋರಿಸಿ, ಬೆರಳಿಟ್ಟು, ತಂದೆತಾಯಿಗಳು ಆ ಕೆಲಸವನ್ನು ಮಾಡಬಹುದಷ್ಟೆ.